ದಾಂಡಿಯಾ ಸಂಜೆಯಲ್ಲಿ ಕೋಲಾಟ ನಡೆಸುವವಳಿಗೆ

ಈ ಸಲದ ನವರಾತ್ರಿಯ ದಾಂಡಿಯಾ ಸಂಜೆಯಲ್ಲಿ ಅರ್ಧ ಗಂಟೆ ಕೋಲಾಟ ನಡೆಸಿಕೊಡಬೇಕೆಂದು ನಿಮ್ಮ ಅಪಾರ್ಟ್‌ಮೆಂಟಿನ ಕಮಿಟಿಯವರು ನಿನ್ನನ್ನು ಕೇಳಿದ್ದಾರಂತೆ. ಹಾಲಿನ ಬೂತಿನ ಹತ್ತಿರ ನಿಮ್ಮಮ್ಮ ಸಿಕ್ಕಿದ್ದರು, ಹೇಳಿದರು. ಒಪ್ಪಿಕೊಂಡ ಮೇಲೆ ಹೆದರಿ ಕೂತಿದ್ದಾಳೆ, ನೀವೇ ಏನಾದರೂ ಹೇಳಿ ತಾತ ಅಂದರು. ಹೆದರಿಕೆ ಇರಲಿ ಮಗಳೇ, ಅದರಿಂದ ಕೆಡುಕಿಲ್ಲ. ಹೆದರದೆ ಮೈಕ್ ಹಿಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಜನರಿಗೆ ಹೇಳಿಕೊಡುವುದಿಲ್ಲ, ಜನರ ಮುಂದೆ ತಾವು ಕುಣಿಯುತ್ತಾರೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೋ. ಆವತ್ತು ಕೆಳಗೆ ಸೇರುವ ಜನ ಬಂದಿರುವುದು ದಾಂಡಿಯಾಕ್ಕೆ. ನಿನ್ನ ಕೋಲಾಟಕ್ಕಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ವರ್ಷ ವರ್ಷವೂ ಅರಮನೆ ಮೈದಾನಕ್ಕೋ ಇನ್ನೆಲ್ಲಿಗೋ ಹೋಗಿ ಆಡಿ ಬಂದವರು. ಅವರ ಕೈಗೆ ಕೋಲು ಹೊಸದಲ್ಲ. ಹೀಗಾಗಿ ಏನೂ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯ ವಾರ್ಷಿಕೋತ್ಸವಕ್ಕೆ ಕಲಿಸುವಂತೆ ಅವರಿಗೆ ಕಲಿಸಲು ಹೋಗಬೇಡ. ಅವರಿಗೆ ಬರುವುದೇನು, ಬಾರದ್ದೇನು ಎಂದು ಮೊದಲು ನೋಡಿಕೋ.

ದಾಂಡಿಯಾದಲ್ಲಿ ಸಾಮಾನ್ಯವಾಗಿ ಎರಡು ಸಾಲು ಎದುರುಬದುರು ನಿಲ್ಲುತ್ತವೆ. ಎದುರಿಗಿರುವವರ ಕೋಲಿಗೆ ಕೋಲು ತಾಗಿಸಿ, ಒಂದು ಸುತ್ತು ಮುಗಿದ ಕೂಡಲೇ ಒಂದು ಹೆಜ್ಜೆ ಪಕ್ಕಕ್ಕೆ. ಎದುರಿಗೆ ಹೊಸ ಮುಖ. ಸಾಲಿನ ಕೊನೆ ಮುಟ್ಟಿದವರು ತಿರುಗಿ ಆಚೆ ಸಾಲಿಗೆ ಸೇರುತ್ತಾರೆ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಬ್ಬರು ತಪ್ಪಿದರೂ ಆಟ ನಿಲ್ಲುವುದಿಲ್ಲ. ಎಂಟು ಏಟು ಕಳೆಯುವಷ್ಟರಲ್ಲಿ ಎದುರಿಗೆ ಇನ್ನೊಬ್ಬರು ಬಂದಿರುತ್ತಾರೆ, ಅವರನ್ನು ನೋಡಿ ಸರಿಹೋಗುತ್ತದೆ. ಸಾಲೇ ಗುರು. ನಮ್ಮ ಕೋಲಾಟ ಹಾಗಲ್ಲ. ಎಂಟು ಜನ ವೃತ್ತವಾಗಿ ನಿಂತು ಹೆಣೆದುಕೊಂಡು ಹೋಗುವಾಗ ಒಬ್ಬರು ತಿರುಗಬೇಕಾದ ಕಡೆ ತಿರುಗದಿದ್ದರೆ ಏಳು ಜನರ ಕೋಲು ಗಾಳಿಯಲ್ಲಿ ನಿಲ್ಲುತ್ತದೆ. ತಪ್ಪಿದವರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ದಾಂಡಿಯಾ ಬಲ್ಲವರು ಕೋಲಾಟ ಅಂದರೆ ಮುಖ ಸಣ್ಣ ಮಾಡುವುದು ಇದಕ್ಕೇ ಹೊರತು ಕನ್ನಡದ ಮೇಲಿನ ತಾತ್ಸಾರಕ್ಕಲ್ಲ. ಇದನ್ನು ನೀನು ತಪ್ಪಾಗಿ ತಿಳಿಯಬಾರದು.

ಇದೇ ತಕರಾರು ಏಳು ಸಮುದ್ರದಾಚೆಯೂ ಇದೆ ಅಂದರೆ ನಗುತ್ತೀಯ. ನನ್ನ ಅಕ್ಕನ ಮಗ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಇದ್ದಾನೆ. ಅಲ್ಲಿಗೆ ಹೋಗಿದ್ದಾಗ ಒಂದು ಶನಿವಾರ ರಾತ್ರಿ ನನ್ನನ್ನೂ ಕಾಂಟ್ರಾ ಡ್ಯಾನ್ಸ್ ನೋಡಲು ಕರೆದುಕೊಂಡು ಹೋದ. ಉದ್ದನೆಯ ಎರಡು ಸಾಲು, ಪಿಟೀಲು ಬಾರಿಸುವವರು, ವೇದಿಕೆಯ ಮೇಲೆ ಮೈಕ್ ಹಿಡಿದು ಮುಂದಿನ ವರಸೆ ಕೂಗಿ ಹೇಳುವವರು ಒಬ್ಬರು. 64 ಏಟಿಗೆ ಒಂದು ಸುತ್ತು. ಸುತ್ತು ಮುಗಿದರೆ ಪಕ್ಕಕ್ಕೆ ಸರಿದು ಹೊಸ ಜೋಡಿಯ ಎದುರು ಅದೇ ವರಸೆ ಮತ್ತೆ. ನಾಲ್ಕೈದು ಸುತ್ತು ಕಳೆದ ಮೇಲೆ ಕೂಗುವವರು ಸುಮ್ಮನಾದರು, ಜನ ತಮ್ಮಷ್ಟಕ್ಕೆ ತಾವು ಆಡಿಕೊಂಡು ಹೋದರು. ನನಗೆ ನಮ್ಮ ದಾಂಡಿಯಾ ಸಾಲೇ ಕಣ್ಣಮುಂದೆ ಬಂತು. ನಡುವೆ ಒಮ್ಮೆ ಸ್ಕ್ವೇರ್ ಅಂದರು. ಅಂದರೆ ನಾಲ್ಕು ಜೋಡಿ, ಚೌಕದ ನಾಲ್ಕು ಬದಿಗೆ ಒಂದೊಂದು. ಅದರಲ್ಲಿ ಮುಂದೇನು ಬರುತ್ತದೋ ಕೂಗುವವರ ಬಾಯಲ್ಲೇ ಇರುತ್ತದೆ, ಅವರು ಕೊನೆಯವರೆಗೂ ಸುಮ್ಮನಾಗುವಂತಿಲ್ಲ. ಸ್ಕ್ವೇರ್ ಅಂದ ಕೂಡಲೇ ಕೆಲವರು ನೀರು ಕುಡಿಯುವ ನೆಪದಲ್ಲಿ ಹೊರಗೆ ನಡೆದರು. ಯಾಕೋ ಅಂದೆ. ‘ನಿಂತುಕೊಂಡು ಪಾಠ ಕೇಳಬೇಕಲ್ಲ ಮಾವ’ ಅಂದ. ಆದರೆ ಆವತ್ತು ಕೂಗಿದ ಹೆಂಗಸು ಬಲ್ಲವರು. ಎರಡೇ ನಿಮಿಷದಲ್ಲಿ ನಡೆಸಿ ತೋರಿಸಿ ಹಾಡು ಶುರು ಮಾಡಿಸಿದರು. ಆಡುವವರು ಆವರೆಗೆ ಆಡಿದ್ದ ಕೈಹಿಡಿತ, ಸುತ್ತುಗಳನ್ನೇ ಚೌಕದಲ್ಲಿ ಜೋಡಿಸಿದ್ದರು. ಹೊಸದು ಒಂದೇ ಒಂದು ಇತ್ತು. ಮುಗಿದಾಗ ಹೊರಗೆ ಹೋದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನಾನು ನಿನಗೆ ಹೇಳಬೇಕೆಂದಿರುವುದು ಇದೇ: ಕೈಗೆ ಗೊತ್ತಿರುವುದನ್ನು ಹಾಗೇ ಇರಲು ಬಿಡು, ಕಾಲಿಗೆ ಮಾತ್ರ ಹೊಸದು ಕೊಡು. ದಾಂಡಿಯಾದವರಿಗೆ ಗೊತ್ತಿರುವ ಏಟನ್ನೇ ಇಟ್ಟುಕೋ. ಬಲ, ಎಡ, ಬಲ, ತನ್ನ ಕೋಲಿಗೆ ತಾನೇ. ಅದನ್ನು ಬದಲಾಯಿಸಿ, ನಮ್ಮ ಊರಿನ ಕ್ರಮ ಬೇರೆ, ಕುಪ್ಪಳಿಸಿ ಹಿಂದಿನವರಿಗೆ ಹೊಡೆಯಬೇಕು, ಕಾಲ ಕೆಳಗೆ ಕೋಲು ತರಬೇಕು ಅಂತ ಶುರು ಮಾಡಿದರೆ ಅರ್ಧ ಗಂಟೆ ಕೋಲಾಟದಲ್ಲಿ ಇಪ್ಪತ್ತೈದು ನಿಮಿಷ ಪಾಠವೇ ಆಗುತ್ತದೆ. ಹಾದಿ ಮಾತ್ರ ನಿನ್ನದಾಗಿರಲಿ.

ಯಾವ ಹಾದಿ? ಹೆಣಿಗೆಯದು. ಎಂಟು ಜನ ವೃತ್ತದಲ್ಲಿ ಒಳಮುಖವಾಗಿ ನಿಲ್ಲಲಿ. ಬಲಗಡೆಗೆ ಎಣಿಸಿಕೊಂಡು ಹೋಗು: ಒಂದು, ಎರಡು, ಒಂದು, ಎರಡು. ಒಂದರವರು ಬಲಕ್ಕೆ ತಿರುಗಿದರೆ, ಎರಡರವರು ಎಡಕ್ಕೆ ತಿರುಗಿದರೆ ಎಲ್ಲರಿಗೂ ಎದುರಿಗೊಬ್ಬರು ಸಿಕ್ಕರು. ನಾಲ್ಕು ಏಟು ಕೋಲು, ನಾಲ್ಕು ಏಟು ನಡಿಗೆ. ಮೊದಲನೆಯವರನ್ನು ಬಲಭುಜದ ಪಕ್ಕದಿಂದ ದಾಟು, ಮುಂದಿನವರನ್ನು ಎಡಭುಜದ ಪಕ್ಕದಿಂದ, ಆಮೇಲೆ ಮತ್ತೆ ಬಲ. ನಾಲ್ವರನ್ನು ದಾಟಿದರೆ ಹೊರಟ ಜಾಗದ ನೇರ ಎದುರಿಗೆ ಬಂದಿರುತ್ತೀಯ, ಐದನೆಯವರಾಗಿ ಮೊದಲಿನವರೇ ಮತ್ತೆ ಸಿಗುತ್ತಾರೆ. ಎಂಟು ಭೇಟಿಗೆ ಹೊರಟ ಜಾಗ. ಎಂಟೆಂಟಲ 64. ಅಮೆರಿಕದವರ ಸುತ್ತಿಗೂ ನಮ್ಮ ಹೆಣಿಗೆಗೂ ಲೆಕ್ಕ ಒಂದೇ ಬಂತು ನೋಡು. ಅವರೇನು ನಮ್ಮನ್ನು ನೋಡಿ ಕಲಿತವರಲ್ಲ, ನಾವೂ ಅವರನ್ನು ನೋಡಿದವರಲ್ಲ; ಎಂಟು ಮನುಷ್ಯರು ವೃತ್ತದಲ್ಲಿ ಹೆಣೆದುಕೊಂಡು ಹೋದರೆ ಎಲ್ಲಿ ನಿಂತರೂ ಇಷ್ಟೇ ಆಗುವುದು. ಈ ಹೆಣಿಗೆಗೇ ನಡುವೆ ಕಂಬ ನೆಟ್ಟು, ತುದಿಯಿಂದ ಬಣ್ಣಬಣ್ಣದ ಹುರಿ ಇಳಿಬಿಟ್ಟು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರೆ ಅದು ಜಡೆ ಕೋಲಾಟ. ಮುಂದಕ್ಕೆ ಆಡಿದರೆ ಜಡೆ ಬೀಳುತ್ತದೆ, ಹಿಂದಕ್ಕೆ ಆಡಿದರೆ ಬಿಚ್ಚುತ್ತದೆ. ನೋಡುವುದಕ್ಕೆ ಚೆಂದ, ಕಮಿಟಿಯವರು ಅದನ್ನೇ ಮಾಡಿಸು ಅನ್ನುತ್ತಾರೆ. ಈ ವರ್ಷ ಬೇಡ. ಕೋಲು ತಪ್ಪಿದರೆ ಆ ಕ್ಷಣಕ್ಕೆ ತಪ್ಪಿತು, ಮುಗಿಯಿತು. ಜಡೆ ತಪ್ಪಿದರೆ ಗಂಟು ಎಲ್ಲರ ತಲೆಯ ಮೇಲೆ ನೇತಾಡುತ್ತಿರುತ್ತದೆ.

ಹಂಪಿಯ ಒಂದು ವಿಷಯ ನಿನಗೆ ಹೇಳಲೇಬೇಕು, ನೀನು ಕಾಲೇಜಿನಲ್ಲಿ ಚರಿತ್ರೆ ಓದಿದವಳು. ಕೃಷ್ಣದೇವರಾಯನ ಕಾಲಕ್ಕೆ, ಸುಮಾರು 1520ರಲ್ಲಿ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಅವನು ಬರೆದಿಟ್ಟಿದ್ದನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಎಲ್ಲರೂ ಅದರಲ್ಲಿ ಮಹಾನವಮಿಯ ವೈಭವ, ಆನೆ ಕುದುರೆ, ಮುತ್ತು ರತ್ನ ಓದುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಅರಮನೆಯಲ್ಲಿ ಹೆಂಗಸರಿಗೆ ನೃತ್ಯ ಕಲಿಸುವ ಒಂದು ಶಾಲೆ ಇತ್ತಂತೆ. ಅದರ ಕಂಬಗಳ ನಡುವಿನ ಫಲಕಗಳಲ್ಲಿ ನರ್ತಕಿಯರ ಚಿತ್ರಗಳಿದ್ದವು, ಒಂದೊಂದರಲ್ಲಿ ಒಂದೊಂದು ನೃತ್ಯ ಮುಗಿಯುವಾಗ ನಿಲ್ಲಬೇಕಾದ ಭಂಗಿ. ಕಲಿಯುವವಳು ಕೊನೆಯಲ್ಲಿ ಹೇಗೆ ನಿಲ್ಲಬೇಕೆಂದು ಮರೆತರೆ ಆ ಫಲಕ ನೋಡಿ ನೆನಪು ಮಾಡಿಕೊಳ್ಳುತ್ತಿದ್ದಳು. ಯೋಚನೆ ಮಾಡು. ಹೆಜ್ಜೆಯ ಚಿತ್ರ ಬರೆಸಲಿಲ್ಲ, ಹೆಜ್ಜೆ ಹೋಗಿ ಮುಟ್ಟುವ ಜಾಗದ ಚಿತ್ರ ಬರೆಸಿದರು. ಕಲಿಸುವ ಕೆಲಸ ಏನೆಂದು ಅರಿತವರು ಮಾಡಿಸಿದ್ದು ಅದು.

ನೀನೂ ಹಾಗೇ ಹೇಳಬೇಕು. ‘ಬಲಗಾಲು ಮುಂದೆ, ಸ್ವಲ್ಪ ಓರೆಯಾಗಿ, ಎಡಗಾಲು ಎಳೆದುಕೊಂಡು’ ಅಂದರೆ ಜನ ಕಾಲು ನೋಡಿಕೊಳ್ಳುತ್ತಾರೆ. ತಲೆ ತಗ್ಗಿತು ಅಂದರೆ ಎದುರಿನವರು ಕಾಣುವುದಿಲ್ಲ, ಬೆರಳಿಗೆ ಏಟು ಬಿತ್ತು. ‘ಈಗ ನೀಲಿ ಸೀರೆ ಅಕ್ಕನ ಎದುರು ನಿಂತಿರಬೇಕು’ ಅಂದು ನೋಡು, ಕಾಲು ತಾನೇ ದಾರಿ ಹುಡುಕುತ್ತದೆ. ಪ್ರತಿಯೊಬ್ಬರೂ ಹೊರಡುವ ಜಾಗಕ್ಕೆ ‘ಮನೆ’ ಅಂತ ಹೆಸರಿಡು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕು. ರಂಗೋಲಿ ಪುಡಿ ಬೇಡ, ಟೈಲ್ಸಿನ ಮೇಲೆ ಜಾರುತ್ತದೆ. ಅದೂ ಅಲ್ಲದೆ ರಂಗೋಲಿ ತುಳಿಸಬೇಡಮ್ಮ ಅಂತ ಯಾರಾದರೂ ಹಿರಿಯರು ಖಂಡಿತ ಅನ್ನುತ್ತಾರೆ. ಗುಂಪು ಕೆಟ್ಟುಹೋದರೆ ‘ಮನೆಗೆ ಬನ್ನಿ’ ಅಂತ ಒಂದೇ ಮಾತು. ಯಾರು ತಪ್ಪಿದರು ಎಂದು ಹುಡುಕಬೇಡ. ಮೈಕಿನಲ್ಲಿ ಒಬ್ಬರ ಕಡೆ ಬೆರಳು ತೋರಿಸಿದೆಯೋ, ಆ ಮನುಷ್ಯ ಮುಂದಿನ ವರ್ಷ ಕೆಳಗೆ ಇಳಿಯುವುದಿಲ್ಲ.

ಇನ್ನು ಮಾತು ಯಾವಾಗ ಆಡಬೇಕು ಅನ್ನುವುದು. ಇದರಲ್ಲೇ ಮುಕ್ಕಾಲು ವಿದ್ಯೆ ಇರುವುದು. ಗೊರಗುಂಟೆಪಾಳ್ಯ ಬಂತು ಅಂತ ಕಂಡಕ್ಟರ್ ಬಸ್ಸು ನಿಂತ ಮೇಲೆ ಕೂಗಿದರೆ ಏನು ಪ್ರಯೋಜನ? ಜನ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಒಂದನೇ ಏಟಿಗೆ ಕಾಲು ಎತ್ತಬೇಕಾದರೆ ಹಿಂದಿನ ಎಂಟರಲ್ಲಿ ಐದನೇ ಏಟಿಗೆ ನಿನ್ನ ಮಾತು ಶುರುವಾಗಿ ಏಳಕ್ಕೆ ಮುಗಿದಿರಬೇಕು. ಎಂಟನೆಯದು ಅವರಿಗೆ ಉಸಿರು ತೆಗೆದುಕೊಳ್ಳುವುದಕ್ಕೆ. ಮನೆಯಲ್ಲಿ ಹಾಡು ಹಾಕಿಕೊಂಡು, ಆಡುವವರಿಲ್ಲದೆ, ಬರೀ ಕೂಗುವುದನ್ನು ಅಭ್ಯಾಸ ಮಾಡು. ಪಕ್ಕದ ಮನೆಯವರು ಏನೆಂದುಕೊಂಡರೂ ಅಂದುಕೊಳ್ಳಲಿ.

ಮಾತು ಚಿಕ್ಕದಿರಬೇಕು. ಬಲ. ಎಡ. ಸುತ್ತು. ತಿರುಗು. ಮನೆ. ‘ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಬಲಗಡೆಗೆ ತಿರುಗಿಕೊಳ್ಳಬೇಕಾಗಿ ವಿನಂತಿ’ ಅಂದರೆ ಎಂಟು ಏಟು ಅದಕ್ಕೇ ಸಾಲದು. ಮರ್ಯಾದೆ ಎಲ್ಲ ಶುರುವಿನಲ್ಲಿ ಒಮ್ಮೆ ಹೇಳಿಬಿಡು: ಹಾಡು ನಡೆಯುವಾಗ ಏಕವಚನದಲ್ಲಿ ಕೂಗುತ್ತೇನೆ, ದೊಡ್ಡವರು ಬೇಜಾರು ಮಾಡಿಕೊಳ್ಳಬಾರದು ಅಂತ. ನಕ್ಕು ಒಪ್ಪಿಕೊಳ್ಳುತ್ತಾರೆ. ಇನ್ನೊಂದು ಸೂಕ್ಷ್ಮ. ನಿಮ್ಮದು ನಡೆಯುವುದು ಬೇಸ್‌ಮೆಂಟಿನ ಕಾರ್ ಪಾರ್ಕಿಂಗಿನಲ್ಲಿ. ಅಲ್ಲಿ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ‘ಒಳಗೆ’, ‘ಹೊರಗೆ’ ಎರಡೂ ಕೊನೆಯಲ್ಲಿ ಒಂದೇ ಥರ ಕೇಳಿಸುತ್ತವೆ. ‘ಒಳಗೆ’ಗೆ ಎದುರಾಗಿ ‘ಆಚೆ’ ಅನ್ನು. ಬೆಂಗಳೂರಿನವರಿಗೆ ಆಚೆ ಅಂದರೆ ಬೇರೆ ವಿವರಣೆ ಬೇಡ, ಕನ್ನಡ ಅಷ್ಟಾಗಿ ಬಾರದವರೂ ಮನೆಗೆಲಸದವರ ಬಾಯಲ್ಲಿ, ಆಟೋದವರ ಬಾಯಲ್ಲಿ ಕೇಳಿ ಬಲ್ಲರು.

ಗಂಡಸರು ಈ ಕಡೆ, ಹೆಂಗಸರು ಆ ಕಡೆ ಅಂತ ಮಾಡಬೇಡ. ನಿಮ್ಮಲ್ಲಿ ಕೆಳಗಿಳಿಯುವ ಹೆಂಗಸರು ಎಷ್ಟು, ಗಂಡಸರು ಎಷ್ಟು ಅಂತ ನನಗೆ ಗೊತ್ತಿದೆ. ಒಂದು, ಎರಡು ಅಂದರೆ ಸಾಕು. ಅಮೆರಿಕದ ಆ ಕಾಂಟ್ರಾ ಮಂದಿಯೂ ಈಗ ಅನೇಕ ಕಡೆ ಗಂಡು ಹೆಣ್ಣು ಅನ್ನದೆ ಲಾರ್ಕ್, ರಾಬಿನ್ ಎಂದು ಎರಡು ಹಕ್ಕಿಗಳ ಹೆಸರಿನಿಂದ ಕೂಗುತ್ತಾರೆ. ನಮಗೆ ಹಕ್ಕಿಯೂ ಬೇಡ, ಅಂಕಿ ಇದೆ. ಎರಡರವರಿಗೆ ಎಡಗೈ ಮಣಿಕಟ್ಟಿಗೆ ಒಂದು ಕರ್ಚೀಫು ಕಟ್ಟಿಸು. ತಾವು ಒಂದೋ ಎರಡೋ ಎಂದು ಅವರಿಗೇ ಮರೆತುಹೋದಾಗ ಕೈ ನೋಡಿಕೊಳ್ಳಲಿ.

ಈಗ ಪದದ ಮಾತು. ಮಾಗಡಿ ಕಡೆಯ ನಮ್ಮೂರಲ್ಲಿ ವರಸೆ ಕೂಗಿ ಹೇಳುವವರು ಅಂತ ಯಾರೂ ಇರಲಿಲ್ಲ. ಪದ ಎತ್ತುವವರು ಒಬ್ಬರು, ತಾಳ ಹಾಕುವವರು ಒಬ್ಬರು. ಪದ ಎತ್ತುವವರೂ ಆಡುತ್ತಲೇ ಎತ್ತುತ್ತಿದ್ದರು, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ವರಸೆ ಬದಲಾಯಿಸುವಾಗ ‘ಹೋ’ ಅನ್ನುವುದೋ, ಕೋಲನ್ನು ಎರಡು ಸಲ ಜೋರಾಗಿ ಬಡಿಯುವುದೋ, ಅಷ್ಟೇ. ಅದು ಸಾಕಾಗುತ್ತಿತ್ತು, ಯಾಕೆಂದರೆ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಬೆಳದಿಂಗಳಲ್ಲಿ ಅದೇ ಜನ ಅದನ್ನೇ ಆಡಿರುತ್ತಿದ್ದರು. ನಿನಗೆ ತಿಂಗಳಿಲ್ಲ, ಒಂದು ಸಂಜೆ ಇದೆ. ಅದಕ್ಕೇ ಕೂಗುವುದು ಬೇಕಾಗಿರುವುದು. ಕೋಲಾಟಕ್ಕೆ ಕೂಗುವುದು ಸೇರಿದರೆ ಅದು ಶುದ್ಧ ಜಾನಪದ ಅಲ್ಲ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡ. ಆಂಧ್ರದ ಕಡೆಯ ಕೋಲಾಟದ ತಂಡಗಳಲ್ಲಿ ಗುರುಗಳು ಸೀಟಿ ಊದಿ ವರಸೆ ಬದಲಾಯಿಸುವುದನ್ನು ನೋಡಿದ್ದೇನೆ. ಯಕ್ಷಗಾನದಲ್ಲಿ ಭಾಗವತರ ಎತ್ತುಗಡೆ ಇಲ್ಲದೆ ವೇಷಧಾರಿ ಹೆಜ್ಜೆ ಬದಲಾಯಿಸುವುದಿಲ್ಲ.

ಒಬ್ಬಳೇ ಹಾಡಿ ಒಬ್ಬಳೇ ಕೂಗುವ ಸಾಹಸ ಬೇಡ. ಪದ ಹೇಳುವುದಕ್ಕೆ ಬೇರೆ ಯಾರನ್ನಾದರೂ ಹಿಡಿ. ಅಮೆರಿಕದಲ್ಲಿ ವರಸೆಯನ್ನೇ ಹಾಡಿನ ಸಾಲಿನೊಳಗೆ ಸೇರಿಸಿ ಹಾಡುವವರೂ ಇದ್ದಾರೆ, ಅದಕ್ಕೆ ಬಹಳ ವರ್ಷ ಪಳಗಿದ ಗಂಟಲು ಬೇಕು. ಸೊಲ್ಲು ಚಿಕ್ಕದಿರುವ, ಮತ್ತೆ ಮತ್ತೆ ಬರುವ ಪದ ಆರಿಸು. ಸೊಲ್ಲನ್ನು ಎರಡು ಸಲ ಹೇಳಿಸಿದರೆ ಹಿಂದಿಯವರೂ ತಮಿಳರೂ ಹಿಡಿಯುತ್ತಾರೆ. ಬಾಯಿ ಹಾಡಿದರೆ ಕೈ ತಾಳ ತಪ್ಪುವುದು ಕಡಿಮೆ. ಆದರೆ ಪದ ನಾಲ್ಕರ ನಡೆಯಲ್ಲಿರಬೇಕು. ನಮ್ಮಲ್ಲಿ ಮೂರರ ನಡೆಯಲ್ಲಿ ತೂಗುವ ಒಳ್ಳೊಳ್ಳೆ ಪದಗಳಿವೆ, ನನಗೆ ಅವೇ ಇಷ್ಟ. ಆದರೂ ದಾಂಡಿಯಾದ ಎಂಟಕ್ಕೆ ಒಗ್ಗಿದ ಕಾಲು ಅಲ್ಲಿ ಎಡವುತ್ತದೆ. ಡಿಜೆ ಹುಡುಗ ಸಿನಿಮಾ ಹಾಡು ಹಾಕುತ್ತೇನೆ ಅಂದರೆ ಮೊದಲು ಪೂರ್ತಿ ಕೇಳಿ ನೋಡು. ನಡುವೆ ತಾಳ ನಿಂತು ಪಿಟೀಲು ಮಾತ್ರ ಬರುವ ಜಾಗದಲ್ಲಿ ನಿನ್ನ ಎಂಟೂ ಜನ ದಿಕ್ಕು ತಪ್ಪುತ್ತಾರೆ. ನಿಧಾನವಾಗಿ ಶುರು ಮಾಡಿ ಜೋರು ಮಾಡುವುದು ಕೋಲಾಟದ ಕ್ರಮ. ಎಷ್ಟು ಜೋರು ಅನ್ನುವುದನ್ನು ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದವರ ಮುಖ ನೋಡಿ ತೀರ್ಮಾನ ಮಾಡು, ಹುಡುಗರ ಶಿಳ್ಳೆ ಕೇಳಿ ಅಲ್ಲ.

ಗುಂಪು ಕಟ್ಟುವಾಗ ಗೆಳೆಯರು ಗೆಳೆಯರ ಜೊತೆ ನಿಲ್ಲುತ್ತಾರೆ, ಬಲ್ಲವರೆಲ್ಲ ಒಂದೇ ಕಡೆ ಸೇರುತ್ತಾರೆ. ಅದನ್ನು ಮುಂಚೆಯೇ ಮುರಿ. ಪ್ರತಿ ಎಂಟರಲ್ಲೂ ಬಲ್ಲವರು ಒಬ್ಬರಾದರೂ ಇರಲಿ. ಬಲ್ಲವರು ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡ. ನಿಮ್ಮ ಎರಡನೇ ಮಹಡಿಯ ಆಂಧ್ರದ ಆಂಟಿಗೆ ಕೋಲಾಟಂ ಬಾರದೆ ಇರುತ್ತದೆಯೇ? ತಮಿಳರ ಮನೆಯ ಅಜ್ಜಿ ಚಿಕ್ಕಂದಿನಲ್ಲಿ ಕೋಲಾಟ್ಟಂ ಆಡಿರುತ್ತಾರೆ. ಕೊಡಗಿನವರು ಯಾರಾದರೂ ಇದ್ದರೆ ಪುತ್ತರಿ ಹಬ್ಬದಲ್ಲಿ ಊರ ಬಯಲಾದ ಮಂದ್‌ನಲ್ಲಿ ಕೋಲು ಆಡುವುದನ್ನು ನೋಡಿಯಾದರೂ ಇರುತ್ತಾರೆ. ಹೋಗಿ ಬಾಗಿಲು ತಟ್ಟಿ ಕೇಳು. ಕೇಳಿಸಿಕೊಂಡವರ ಮುಖ ಅರಳದಿದ್ದರೆ ನನ್ನನ್ನು ಬಂದು ಕೇಳು. ಸಮಯ ಸಿಕ್ಕರೆ ರಾಮನಗರದ ಹತ್ತಿರ ಜಾನಪದ ಲೋಕಕ್ಕೂ ಹೋಗಿ ಬಾ. ಎಚ್.ಎಲ್. ನಾಗೇಗೌಡರು ಕಲೆಕ್ಟರ್ ಕೆಲಸವೆಲ್ಲ ಮಾಡಿ ಬಂದು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಜಾನಪದ ಲೋಕ ಆಯಿತು. ನಾವೆಲ್ಲ ಬೇಡವೆಂದು ಊರಲ್ಲೇ ಬಿಟ್ಟು ಬಂದದ್ದು ಅಲ್ಲಿ ಜೋಪಾನವಾಗಿದೆ. ಅಮೆರಿಕದಲ್ಲೂ ಸ್ಕ್ವೇರ್ ಡ್ಯಾನ್ಸಿಗೆ ಮರುಜೀವ ಕೊಟ್ಟವರಲ್ಲಿ ಒಬ್ಬರು ಲಾಯ್ಡ್ ಶಾ ಎಂಬ ಕೊಲರಾಡೊದ ಶಾಲೆಯ ಮುಖ್ಯಸ್ಥರು. ತಮ್ಮ ಶಾಲೆಯ ಮಕ್ಕಳಿಗೆ ಕಲಿಸಿ ಊರೂರಿಗೆ ಕರೆದುಕೊಂಡು ಹೋದರು, 1939ರಲ್ಲಿ ಪುಸ್ತಕ ಬರೆದರು. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೂ ಅದೇ ಕೆಲಸ ಮಾಡಿದ್ದಾರೆ, ಪುಸ್ತಕವೊಂದು ಬರೆಯಲಿಲ್ಲ.

ಈಗ ಸ್ವಲ್ಪ ಖಾರದ ಮಾತು. ಮೈಕ್ ಕೈಗೆ ಬಂದ ಕೂಡಲೇ ‘ದಾಂಡಿಯಾ ನಮ್ಮದಲ್ಲ, ಕೋಲಾಟ ನಮ್ಮದು’ ಅಂತ ಭಾಷಣ ಮಾಡುವ ಆಸೆ ಬರುತ್ತದೆ. ಬರುವುದು ಸಹಜವೇ. ನಂದಿನಿ ಲೇಔಟಿನಲ್ಲಿ ಇರುವವರು ನಾವು. ಕಂಠೀರವ ಸ್ಟುಡಿಯೋದಲ್ಲಿ ರಾಜಕುಮಾರ್ ಸಮಾಧಿ ಇಲ್ಲೇ ಇದೆ. ಅವರು ತೀರಿಕೊಂಡ 2006ರ ಏಪ್ರಿಲಿನಲ್ಲಿ ಈ ರಸ್ತೆಗಳು ಹೇಗಿದ್ದವು ಅಂತ ನಾನು ನೋಡಿದ್ದೇನೆ, ಗೋಕಾಕ್ ಚಳವಳಿಯ ಕಾಲದಲ್ಲಿ ಅವರ ಭಾಷಣ ಕೇಳಲು ಹೋಗಿದ್ದೇನೆ. ಅಭಿಮಾನ ನನಗೆ ಕಡಿಮೆ ಇಲ್ಲ. ಆದರೆ ಇನ್ನೊಬ್ಬರು ದೀಪ ಹಚ್ಚಿ ಅಂಬೆಯನ್ನು ಕೂರಿಸಿ ಶುರು ಮಾಡಿದ ಸಂಜೆಯಲ್ಲಿ ನಿನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಗುಜರಾತಿನ ಗರ್ಬಾವನ್ನು ಯುನೆಸ್ಕೋ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರಿಗೂ ಅವರದರ ಮೇಲೆ ಪ್ರೀತಿ ಇದೆ. ಚೆನ್ನಾಗಿ ಕೂಗಿ, ಎಂಟೂ ಜನ ಮನೆ ಮುಟ್ಟುವ ಹಾಗೆ ಆಡಿಸಿದರೆ, ಇದು ಯಾವ ಊರಿನದು, ಪದದ ಅರ್ಥವೇನು ಅಂತ ಅವರೇ ಕೇಳುತ್ತಾರೆ. ಆಗ ಹೇಳು. ಕೇಳದವರಿಗೆ ಮೈಕಿನಲ್ಲಿ ಹೇಳಿದ ಚರಿತ್ರೆ ಯಾರ ಕಿವಿಗೂ ಇಳಿಯುವುದಿಲ್ಲ. ಭಾಷಣ ಕೇಳಿ ಕೋಲಾಟ ಕಲಿತವರನ್ನು ನಾನು ಇನ್ನೂ ಕಾಣಬೇಕು.

ನಿನ್ನ ಅರ್ಧ ಗಂಟೆಯನ್ನು ಕಾರ್ಯಕ್ರಮದ ಯಾವ ಜಾಗದಲ್ಲಿ ಇಡಬೇಕೆಂದು ಕಮಿಟಿಯ ಹತ್ತಿರ ಮೊದಲೇ ಮಾತಾಡಿಕೋ. ಶುರುವಿಗೆ ಬೇಡ, ಜನ ಬಂದಿರುವುದಿಲ್ಲ. ಕೊನೆಗೂ ಬೇಡ. ರಾತ್ರಿ 10ರ ಮೇಲೆ ವಿಶೇಷ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಇದೆ. ಕಾರ್ಯಕ್ರಮ ಎಳೆದು ಎಳೆದು ಹೋದರೆ ಕತ್ತರಿ ಬೀಳುವುದು ಕೊನೆಯಲ್ಲಿರುವವರಿಗೆ. ಎಂಟೂವರೆ ಸುಮಾರಿಗೆ, ದಾಂಡಿಯಾದ ಒಂದು ಸುತ್ತು ಆಗಿ ಮೈ ಬೆಚ್ಚಗಾಗಿರುವಾಗ ಕೇಳಿ ತಗೋ. ನಡೆಸಿ ತೋರಿಸುವುದಕ್ಕೆ ಮೂರು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಂದೇ ವರಸೆಯನ್ನು ನಾಲ್ಕು ಸುತ್ತು ಆಡಿಸು. ಎರಡನೇ ಸುತ್ತಿನಲ್ಲಿ ಕೂಗುವುದನ್ನು ಅರ್ಧ ಮಾಡು, ಮೂರರಲ್ಲಿ ಬರೀ ‘ಬಲ’, ‘ಎಡ’, ನಾಲ್ಕರಲ್ಲಿ ಬಾಯಿ ಮುಚ್ಚಿಕೊಂಡು ನೋಡು. ಸುಮ್ಮನಿದ್ದಾಗ ಗುಂಪು ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ನಿನ್ನ ಕಣ್ಣಿಗೆ ಕಾಣುತ್ತದೆ, ಮುಂದಿನ ಸಲ ಅಲ್ಲಿ ಮಾತ್ರ ಕೂಗಿದರಾಯಿತು. ಇಪ್ಪತ್ತೈದು ನಿಮಿಷಕ್ಕೆ ಮುಗಿಸಿ ಮೈಕ್ ವಾಪಸ್ ಕೊಡು. ‘ಇನ್ನೊಂದು, ಇನ್ನೊಂದು’ ಅಂತ ಅಂದರೆ ಮುಂದಿನ ವರ್ಷಕ್ಕೆ ಅನ್ನು.

ಕೋಲು ನೀನು ತರುವುದೇನೂ ಬೇಡ, ಅವರೇ ತಂದಿರುತ್ತಾರೆ. ಬಣ್ಣದ ಕಾಗದ ಸುತ್ತಿದ್ದು, ತಿರುಗಿಸಿದರೆ ಗಿರ್ರೆನ್ನುವುದು, ಎಂಥೆಂಥದೋ. ಕೆಲವು ಎರಡು ಏಟಿಗೆ ಮುರಿಯುತ್ತವೆ, ಚೂರು ಹಾರಿ ಕಣ್ಣಿಗೆ ಬೀಳಬಹುದು. ಆಡುವ ಮುಂಚೆ ಒಂದು ಸಲ ನೆಲಕ್ಕೆ ಕುಟ್ಟಿ ನೋಡಲು ಹೇಳು. ಗಾಜಿನ ಬಳೆ ತೆಗೆದಿಡಲಿ. ಚಿಕ್ಕ ಮಕ್ಕಳದು ಬೇರೆ ಗುಂಪು. ದೊಡ್ಡವರ ಕೋಲು ಅವರ ಹಣೆಯ ಎತ್ತರಕ್ಕೇ ಬರುತ್ತದೆ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ ಬಿಡಿಸು. ಪಾರ್ಕಿಂಗಿನ ಗೆರೆಗಳು ಅದಕ್ಕೆ ಚೆನ್ನಾಗಿ ಒದಗುತ್ತವೆ. ಕೂತು ಏಳುವ ವರಸೆ ಬೇಡವೇ ಬೇಡ, ಮಂಡಿ ಹಿಡಿದುಕೊಂಡ ನಾಲ್ಕು ಜನರಾದರೂ ಇರುತ್ತಾರೆ, ಅವರಲ್ಲಿ ನಾನೂ ಒಬ್ಬ.

ನನ್ನ ಹತ್ತಿರ ಊರಿನ ಕೋಲು ನಾಲ್ಕು ಜೊತೆ ಇವೆ. ಪ್ರತಿ ಗುಂಪಿನ ಬಲ್ಲವರ ಕೈಗೆ ಒಂದೊಂದು ಜೊತೆ ಕೊಡು, ಅದರ ಸದ್ದು ಎದ್ದು ಕೇಳಿಸುತ್ತದೆ, ಉಳಿದವರಿಗೆ ತಾಳ ಸಿಗುತ್ತದೆ. ಶನಿವಾರ ಸಂಜೆ ಬಾ. ಆಂಧ್ರದ ಆಂಟಿಯನ್ನೂ ಪದ ಹೇಳುವವರನ್ನೂ ಕರೆದುಕೊಂಡು ಬಾ. ಎಂಟು ಜನ ಆಗದಿದ್ದರೆ ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಾದರೂ ಹಾದಿ ನೋಡೋಣ.